ಚಿಕಿತ್ಸೆಯ ನಾಲ್ಕನೆಯ ಪಾದ

ನಾನು ಮೂವತ್ತಕ್ಕೂ ಹೆಚ್ಚು ವರ್ಷಗಳ ಕಾಲ ಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಪಾಠಹೇಳಿ ಈಗ ವಿಶ್ರಾಂತನಾಗಿರುವವನು, ವೈದ್ಯವನ್ನು ಕಲಿತವನಲ್ಲ. ರೋಗವನ್ನೂ ಔಷಧವನ್ನೂ ಕುರಿತು ಬರೆಯಲು ಈತನಿಗೇನು ಅಧಿಕಾರವೆಂದು ವಾಚಕ ಮಹಾಶಯರು ಕೇಳಬಹುದು. ಈ ಲೇಖನಕ್ಕೆ ಕಾರಣವಾದ ಒಂದು ಸಣ್ಣ ಸಂಗತಿಯನ್ನು ಮೊದಲು ನಿವೇದಿಸಿಬಿಟ್ಟರೆ ಆ ಪ್ರಶ್ನೆಗೆ ಉತ್ತರವು ತಾನಾಗಿಯೇ ದೊರೆಯುವುದು.

ಕೆಲವು ತಿಂಗಳುಗಳ ಹಿಂದೆ, ದೀಪ ಹಚ್ಚುವ ಹೊತ್ತಿನಲ್ಲಿ, ನನ್ನ ಹಳೆಯ ಶಿಷ್ಯನೊಬ್ಬನು ನಮ್ಮ ಮನೆಗೆ ಬಂದನು. ಈಗ ಅವನ ತಲೆಯೂ ನರೆತಿದೆ. ಜಗಲಿಯ ಮೇಲೆ ಕುಳಿತವನು ಬಹಳ ಹೊತ್ತು ಮಾತನಾಡಲಿಲ್ಲ. ಕಾಫಿಯ ಲೋಟವನ್ನು ಕೆಳಗಿಟ್ಟು, ಒಳಗಿನವರಿಗೆ ಕೇಳಿಸದಂತೆ ಮೆಲ್ಲನೆ ಹೇಳಿದನು:

“ಮೇಷ್ಟ್ರೇ, ಸೊಸೆಗೆ ಕ್ಷಯವಂತೆ. ಆರು ತಿಂಗಳು ತಪ್ಪದೆ ಮಾತ್ರೆ ತೆಗೆದುಕೊಂಡರೆ ವಾಸಿಯಾಗುತ್ತದೆ ಎಂದರು ಡಾಕ್ಟರು. ಆದರೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆಸರು ಬರೆಸಬೇಕಂತೆ. ನಾಲ್ಕು ಜನಕ್ಕೆ ಗೊತ್ತಾದರೆ ನಮ್ಮ ಹುಡುಗಿಯ ಮದುವೆ ನಿಂತುಹೋದೀತು. ಗುಟ್ಟಾಗಿ ಅವಳನ್ನು ತವರಿಗೆ ಕಳುಹಿಸಿಬಿಡೋಣವೇ ಎಂದು ಯೋಚನೆ.”

“ಅಲ್ಲಪ್ಪಾ, ಔಷಧವುಂಟು, ಅದಕ್ಕೆ ಕಾಸು ಕೊಡಬೇಕಾಗಿಯೂ ಇಲ್ಲ. ಮತ್ತೇಕೆ ಅಂಜಿಕೆ?” ಎಂದೆನು. ಅವನು ತಲೆ ತಗ್ಗಿಸಿದನೇ ಹೊರತು ಉತ್ತರವನ್ನು ಕೊಡಲಿಲ್ಲ.

ಆ ರಾತ್ರಿ ನನಗೆ ನಿದ್ರೆ ಬಾರದೆ ಕಪಾಟಿನಲ್ಲಿದ್ದ ಚರಕಸಂಹಿತೆಯನ್ನು ತೆಗೆದೆನು. ಅದರ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಹೇಳಿದೆ: ವೈದ್ಯ, ಔಷಧದ್ರವ್ಯ, ಉಪಚಾರಕ, ರೋಗಿ. ಮಂಚದ ನಾಲ್ಕು ಕಾಲುಗಳಂತೆ ಇವುಗಳಲ್ಲಿ ಒಂದು ಮುರಿದರೂ ಚಿಕಿತ್ಸೆಯು ನಿಲ್ಲಲಾರದು. ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳು ಹೇಳಲ್ಪಟ್ಟಿವೆ. ಔಷಧದ ಗುಣಗಳಲ್ಲಿ ಮೊಟ್ಟಮೊದಲು ಎಣಿಸಿರುವುದು ‘ಬಹುತಾ’ ಎಂಬುದನ್ನು. ಎಂದರೆ ಬೇಕಾದಷ್ಟು ದೊರೆಯುವಂತಿರುವುದು. ರೋಗಿಗೆ ಇರತಕ್ಕ ಗುಣಗಳು ಸ್ಮೃತಿ, ವೈದ್ಯನು ಹೇಳಿದಂತೆ ನಡೆಯುವಿಕೆ, ‘ಅಭೀರುತ್ವ’, ‘ಜ್ಞಾಪಕತ್ವ’ ಎಂದು ನಾಲ್ಕು. ಅಭೀರುತ್ವವೆಂದರೆ ಅಂಜದಿರುವುದು, ಜ್ಞಾಪಕತ್ವವೆಂದರೆ ತನ್ನ ರೋಗವನ್ನು ಬಾಯಿಬಿಟ್ಟು ತಿಳಿಸಬಲ್ಲವನಾಗಿರುವುದು.

ವಿದ್ಯಾರ್ಥಿಗಳಿಗೆ ಈ ಪದಗಳ ವ್ಯುತ್ಪತ್ತಿಯನ್ನು ಎಷ್ಟೋ ಸಲ ಹೇಳಿಕೊಟ್ಟಿದ್ದೆನು. ಔಷಧದ ಬಹುತೆಗೂ ರೋಗಿಯ ಅಭೀರುತ್ವಕ್ಕೂ ಏನು ಸಂಬಂಧವೆಂಬುದು ಮಾತ್ರ ನನಗೆ ಹೊಳೆದಿರಲಿಲ್ಲ. ನಮ್ಮ ಕಾಲದಲ್ಲಿ ನಡೆದ ಕೆಲವು ಸಂಗತಿಗಳನ್ನು ಓದಿದ ಮೇಲೆ, ರೋಗಿಗಳು ಅಂಜಿಕೆಯನ್ನು ಬಿಟ್ಟು ಬಾಯ್ತೆರೆದ ಕಡೆಯಲ್ಲೆಲ್ಲ ಔಷಧವು ಬಹುವಾಯಿತೆಂಬುದು ನನಗೆ ಮನದಟ್ಟಾಗಿದೆ. ಅದನ್ನೇ ಇಲ್ಲಿ ನಿರೂಪಿಸಬೇಕೆಂದು ನನ್ನ ಉದ್ದೇಶ.

ಮೊದಲು ನಮ್ಮ ನಾಡಿನದೇ ಒಂದು ನಿದರ್ಶನ. ಬಡವರು ರೋಗದಿಂದ ಸತ್ತರೆ, “ಪಾಪ, ಅವರಿಗೆ ತಿಳಿವಳಿಕೆ ಸಾಲದು” ಎನ್ನುವುದು ಓದುಬರಹ ಬಲ್ಲ ನಮ್ಮಂಥವರ ವಾಡಿಕೆಯಾಗಿದೆಯಷ್ಟೆ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪಿತವಾಯಿತು. ಅಲ್ಲಿದ್ದ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬ ಇಬ್ಬರು ವಿದ್ವಾಂಸರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯವಿದ್ದವರನ್ನು ಹುಡುಕಿ, ಅವರನ್ನೇ ವಿಚಾರಿಸಿ, 1963ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ ತಮಗೆ ಏನೋ ಕಾಯಿಲೆಯಿದೆಯೆಂಬ ಅರಿವಿದ್ದಿತು. ಅರ್ಧಕ್ಕಿಂತಲೂ ಹೆಚ್ಚು ಮಂದಿ ಆಗಲೇ ಆಸ್ಪತ್ರೆಯ ಬಾಗಿಲಿಗೆ ಹೋಗಿಯೂ ಬಂದಿದ್ದರು. ಅಲ್ಲಿ ಅವರಲ್ಲಿ ಹೆಚ್ಚಿನವರಿಗೆ ದೊರೆತುದು ಕೆಮ್ಮಿನ ಔಷಧದ ಒಂದು ಸೀಸೆ ಮಾತ್ರ. ತಿಳಿವಳಿಕೆ ಸಾಲದಾದುದು ರೋಗಿಯಲ್ಲಲ್ಲ, ಔಷಧವನ್ನು ಕೊಡಬೇಕಾದ ಕಡೆಯಲ್ಲಿ. ಅವರು ಬಾಯಿಬಿಟ್ಟು ಹೇಳಿದ್ದರು. ಕೇಳುವ ಕಿವಿ ಇರಲಿಲ್ಲ.

ಒಬ್ಬೊಬ್ಬನಾಗಿ ಹೇಳಿದರೆ ಕೇಳದ ಕಿವಿಯು ಹಲವರು ಕೂಡಿ ಹೇಳಿದರೆ ಕೇಳುವುದೇ? ಕೇಳುವುದೆಂಬುದನ್ನು ದಕ್ಷಿಣ ಆಫ್ರಿಕದ ರೋಗಿಗಳು ತೋರಿಸಿಕೊಟ್ಟರು. ಮಹಾತ್ಮಾ ಗಾಂಧಿಯವರು 1906ರಲ್ಲಿ ಸತ್ಯಾಗ್ರಹಕ್ಕೆ ಅಡಿಗಲ್ಲನ್ನಿಟ್ಟ ದೇಶ ಅದೇ ಎಂಬುದು ವಾಚಕರಿಗೆ ನೆನಪಿರಬಹುದು.

ಏಡ್ಸ್ ಎಂಬ ಮಾರಿಯು ಆ ದೇಶವನ್ನು ಹೊಕ್ಕು ಮನೆಮನೆಯಲ್ಲಿಯೂ ಹೆಣಗಳನ್ನು ಬೀಳಿಸುತ್ತಿದ್ದ ಕಾಲ. ಎಚ್.ಐ.ವಿ. ಎಂಬ ಸೂಕ್ಷ್ಮಾಣುವನ್ನು ಮೂರು ಔಷಧಗಳನ್ನು ಒಟ್ಟಿಗೆ ಕೊಟ್ಟು ಅಡಗಿಸಬಹುದೆಂಬುದು 1996ರಲ್ಲಿಯೇ ಲೋಕಕ್ಕೆ ತಿಳಿದುಹೋಗಿದ್ದಿತು. ಐಶ್ವರ್ಯವಂತ ದೇಶಗಳಲ್ಲಿ ಸಾಯುವ ಹಾಸಿಗೆಯಲ್ಲಿದ್ದವರು ಎದ್ದು ಕೆಲಸಕ್ಕೆ ಹೋಗತೊಡಗಿದರು. ಆದರೆ ಆ ಔಷಧಗಳಿಗೆ ಒಬ್ಬ ರೋಗಿಗೆ ವರ್ಷವೊಂದಕ್ಕೆ 10,000 ಡಾಲರುಗಳಿಗೂ ಮೇಲ್ಪಟ್ಟು ಬೆಲೆಯಿದ್ದಿತು. ನಮ್ಮ ಆಗಿನ ಲೆಕ್ಕದಲ್ಲಿ 4 ಲಕ್ಷ ರೂಪಾಯಿಗಳಿಗೂ ಹೆಚ್ಚು. ಔಷಧವನ್ನು ಕಂಡುಹಿಡಿದ ಕಂಪನಿಗೆ ಇಪ್ಪತ್ತು ವರ್ಷಗಳವರೆಗೆ ಅದನ್ನು ಮತ್ತೊಬ್ಬರು ತಯಾರಿಸದಂತೆ ತಡೆಯುವ ಹಕ್ಕನ್ನು ಕಾನೂನು ಕೊಡುತ್ತದೆ. ಇದಕ್ಕೆ ಪೇಟೆಂಟು ಎಂದು ಹೆಸರು. ಮಾರುವವನು ಒಬ್ಬನೇ ಆದಾಗ ಅವನು ಹೇಳಿದುದೇ ಬೆಲೆಯಾಗುವುದು ಸಂತೆಗೆ ಹೋಗಿಬಂದ ಎಲ್ಲರಿಗೂ ಗೊತ್ತಿರುವ ಮಾತು.

ಹೀಗಿರಲಾಗಿ 1998ನೆಯ ಡಿಸೆಂಬರ್ ತಿಂಗಳಿನಲ್ಲಿ ಎರಡು ಸಂಗತಿಗಳು ನಡೆದವು. ಆ ತಿಂಗಳ 10ನೆಯ ತಾರೀಖಿನಲ್ಲಿ ಕೇಪ್‌ಟೌನ್ ನಗರದಲ್ಲಿ ಜ಼ಾಕಿ ಅಖ್ಮತ್ ಎಂಬಾತನೂ ಅವನ ಸ್ನೇಹಿತರೂ ಸೇರಿ ಟ್ರೀಟ್‌ಮೆಂಟ್ ಆಕ್ಷನ್ ಕ್ಯಾಂಪೇನ್ ಎಂಬ ಸಂಘವನ್ನು ಸ್ಥಾಪಿಸಿದರು. ಚಿಕಿತ್ಸೆಯನ್ನು ಎಲ್ಲರಿಗೂ ದೊರಕಿಸುವುದೇ ಅದರ ಧ್ಯೇಯ. ಅದೇ ತಿಂಗಳಿನಲ್ಲಿ ಡರ್ಬನ್ ನಗರದ ಸಮೀಪದಲ್ಲಿ ಗುಗು ಡ್ಲಾಮಿನಿ ಎಂಬ ಹೆಂಗಸು ತನಗೆ ಎಚ್.ಐ.ವಿ. ಇರುವುದೆಂದು ಬಹಿರಂಗವಾಗಿ ಹೇಳಿದಳು. ಕೆಲವೇ ದಿನಗಳಲ್ಲಿ ಜನರ ಗುಂಪೊಂದು ಅವಳನ್ನು ಹೊಡೆದು ಕೊಂದುಹಾಕಿತು. ಜ್ಞಾಪಕತ್ವಕ್ಕೆ ಅವಳು ತೆತ್ತ ಬೆಲೆ ಪ್ರಾಣ!

ಇದನ್ನು ಕಂಡ ಇತರರು ಬಾಯಿ ಮುಚ್ಚಿಕೊಂಡರೆಂದು ಯಾರಾದರೂ ಊಹಿಸಬಹುದು. ನಡೆದುದು ಅದಕ್ಕೆ ವಿರುದ್ಧ. ಸಂಘದವರು ‘ಎಚ್.ಐ.ವಿ. ಪಾಸಿಟಿವ್’ ಎಂದು ಎದೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ಅಂಗಿಗಳನ್ನು ಮಾಡಿಸಿ, ರೋಗವಿದ್ದವರೂ ಇಲ್ಲದವರೂ ಒಂದೇ ತೆರನಾಗಿ ಅವನ್ನು ತೊಟ್ಟು ಬೀದಿಗೆ ಬಂದರು. ಯಾರಿಗೆ ರೋಗವುಂಟು, ಯಾರಿಗಿಲ್ಲವೆಂದು ಹೇಳುವವರಾರು? ಯಾರನ್ನೆಂದು ಹೊಡೆಯುವುದು? 2002ರಲ್ಲಿ ಆ ರಾಷ್ಟ್ರದ ಹಿಂದಿನ ಅಧ್ಯಕ್ಷರಾದ ನೆಲ್ಸನ್ ಮಂಡೇಲರವರೇ ಆ ಅಂಗಿಯನ್ನು ತೊಟ್ಟರು.

ಉಪಾಧ್ಯಾಯನಾದ ನನಗೆ ಈ ಸಂಘದ ಕಾರ್ಯಗಳಲ್ಲಿ ಅತ್ಯಂತ ಮೆಚ್ಚಿಕೆಯಾದುದು ಮತ್ತೊಂದುಂಟು. ಅವರು ರೋಗಿಗಳಿಗೆ ಪಾಠಹೇಳಿದರು. ಸೂಕ್ಷ್ಮಾಣುವು ದೇಹದಲ್ಲಿ ಏನು ಮಾಡುವುದು, ಯಾವ ಔಷಧವು ಅದನ್ನು ಹೇಗೆ ತಡೆಯುವುದು, ಮಾತ್ರೆಯನ್ನು ತಪ್ಪಿಸಿದರೆ ಏನಾಗುವುದು, ಅದಕ್ಕೆ ಇಷ್ಟು ಬೆಲೆಯೇಕೆ, ಕಾನೂನು ಏನು ಹೇಳುವುದು ಎಂಬುದನ್ನೆಲ್ಲ ಶಾಲೆಯ ಮೆಟ್ಟಿಲನ್ನು ಸರಿಯಾಗಿ ಹತ್ತದವರಿಗೂ ಅವರವರ ಭಾಷೆಯಲ್ಲಿ ತಿಳಿಯಹೇಳಿದರು. ಹಾಗೆ ಕಲಿತವರು ಮಿಕ್ಕವರಿಗೆ ಕಲಿಸಿದರು. ಕಲಿತ ಮೇಲೆ ಅವರ ಅಂಜಿಕೆಯು ತಾನಾಗಿಯೇ ಸಡಿಲಿತು.

ಆ ದೇಶದ ಸರ್ಕಾರವು ಅಗ್ಗದ ಔಷಧಗಳನ್ನು ಹೊರಗಿನಿಂದ ತರಿಸಿಕೊಳ್ಳಲು ಅನುಕೂಲವಾಗುವಂತೆ 1997ರಲ್ಲಿ ಒಂದು ಕಾನೂನನ್ನು ಮಾಡಿದ್ದಿತು. 39 ಔಷಧ ಕಂಪನಿಗಳು ಒಟ್ಟುಗೂಡಿ ಅದರ ಮೇಲೆ ದಾವೆಯನ್ನು ಹೂಡಿದವು. 2001ನೆಯ ಮಾರ್ಚಿಯಲ್ಲಿ ಮೊಕದ್ದಮೆಯು ವಿಚಾರಣೆಗೆ ಬಂದಾಗ ರೋಗಿಗಳ ಸಂಘವು ನ್ಯಾಯಾಲಯದ ಒಳಗೆ ತನ್ನ ವಾದವನ್ನೂ ಹೊರಗೆ ತನ್ನ ಮೆರವಣಿಗೆಯನ್ನೂ ಮುಂದಿಟ್ಟಿತು. ಲೋಕದ ನಾನಾ ದೇಶಗಳಲ್ಲಿ ಕಂಪನಿಗಳ ವಿಷಯದಲ್ಲಿ ಛೀಮಾರಿಯೆದ್ದಿತು. ಏಪ್ರಿಲ್ 19ರಂದು ಅವು ಮೊಕದ್ದಮೆಯನ್ನು ಹಿಂದಕ್ಕೆ ತೆಗೆದುಕೊಂಡವು.

ಗೆದ್ದರೆ ಸಾಲದು, ಅಗ್ಗದ ಔಷಧವನ್ನು ಮಾಡಿಕೊಡುವವರೂ ಇರಬೇಕಷ್ಟೆ. ಇಲ್ಲಿಯೇ ನಮ್ಮ ದೇಶದ ಹೆಸರು ಬರುವುದು. ಭಾರತದ 1970ರ ಪೇಟೆಂಟು ಕಾನೂನು ಔಷಧವನ್ನು ತಯಾರಿಸುವ ಕ್ರಮಕ್ಕೆ ಮಾತ್ರ ಹಕ್ಕನ್ನು ಕೊಡುತ್ತಿದ್ದಿತೇ ಹೊರತು ಔಷಧಕ್ಕೇ ಕೊಡುತ್ತಿರಲಿಲ್ಲ. ಬೇರೊಂದು ಕ್ರಮದಿಂದ ಅದೇ ಔಷಧವನ್ನು ಮಾಡಬಲ್ಲವರಿಗೆ ಅಡ್ಡಿಯಿರಲಿಲ್ಲ. 2001ನೆಯ ಫೆಬ್ರವರಿಯಲ್ಲಿ ಮುಂಬಯಿಯ ಸಿಪ್ಲಾ ಕಂಪನಿಯ ಯೂಸುಫ್ ಹಮೀದರು ಮೂರು ಔಷಧಗಳನ್ನೂ ಕೂಡಿಸಿ ವರ್ಷಕ್ಕೆ 350 ಡಾಲರುಗಳಂತೆ, ಎಂದರೆ ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ, ‘ಗಡಿಗಳಿಲ್ಲದ ವೈದ್ಯರು’ ಎಂಬ ಅರ್ಥದ ಫ್ರೆಂಚ್ ಹೆಸರುಳ್ಳ ವೈದ್ಯಸಂಘಕ್ಕೆ ಕೊಡುವೆನೆಂದು ಸಾರಿದರು. 10,000 ಎಲ್ಲಿ, 350 ಎಲ್ಲಿ! ಔಷಧದ ಬೆಲೆಗೂ ಅದನ್ನು ತಯಾರಿಸಲು ತಗಲುವ ವೆಚ್ಚಕ್ಕೂ ಇರುವ ಅಂತರವು ಅಂದು ಜಗತ್ತಿಗೆಲ್ಲ ಬಯಲಾಯಿತು.

ಆದರೂ ಕಷ್ಟವು ತೀರಲಿಲ್ಲ. ಕಂಪನಿಗಳು ಹಿಂದೆಗೆದರೆ ಸರ್ಕಾರವೇ ಅಡ್ಡಬಂದಿತು. ಆಗ ಅಧ್ಯಕ್ಷರಾಗಿದ್ದ ಥಾಬೊ ಎಂಬೆಕಿಯವರು ಏಡ್ಸ್ ರೋಗಕ್ಕೆ ಆ ಸೂಕ್ಷ್ಮಾಣುವೇ ಕಾರಣವೋ ಎಂದು ಸಂಶಯಪಡುವವರ ಮಾತಿಗೆ ಕಿವಿಗೊಟ್ಟರು. ತಾಯಿಯಿಂದ ಶಿಶುವಿಗೆ ರೋಗವು ಅಂಟುವುದನ್ನು ಬಹುಮಟ್ಟಿಗೆ ತಡೆಯುವ ನೆವಿರಪಿನ್ ಎಂಬ ಔಷಧವನ್ನು, ಅದರ ಕಂಪನಿಯೇ ಧರ್ಮಾರ್ಥವಾಗಿ ಕೊಡುವೆನೆಂದರೂ, ಒಂದೊಂದು ಪ್ರಾಂತಕ್ಕೆ ಎರಡೆರಡು ಸ್ಥಳಗಳಲ್ಲಿ ಮಾತ್ರ ಕೊಡತಕ್ಕದ್ದೆಂದು ಕಟ್ಟುಮಾಡಲಾಯಿತು. ರೋಗಿಗಳ ಸಂಘವು ಈಗ ಸರ್ಕಾರದ ಮೇಲೆಯೇ ನ್ಯಾಯಾಲಯಕ್ಕೆ ಹೋಯಿತು. 2002ನೆಯ ಜುಲೈ 5ರಂದು ಆ ದೇಶದ ಸಂವಿಧಾನ ನ್ಯಾಯಾಲಯವು ಅಂಥ ಕಟ್ಟು ನ್ಯಾಯವಲ್ಲವೆಂದೂ ವೈದ್ಯರು ಅಗತ್ಯವೆಂದು ಕಂಡಲ್ಲೆಲ್ಲ ತಾಯಂದಿರಿಗೆ ಔಷಧವು ದೊರೆಯಬೇಕೆಂದೂ ತೀರ್ಪಿತ್ತಿತು.

ಸಂಘದ ಮುಖಂಡನಾದ ಅಖ್ಮತ್ ಸ್ವತಃ ಎಚ್.ಐ.ವಿ. ಉಳ್ಳವನು. ತನಗೆ ಔಷಧವನ್ನು ಕೊಡಿಸುವ ಸ್ನೇಹಿತರಿದ್ದರೂ, ಬಡವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ದೊರೆಯುವವರೆಗೆ ತಾನೂ ಮುಟ್ಟುವುದಿಲ್ಲವೆಂದು ಪಣತೊಟ್ಟಿದ್ದನು. ಮಂಡೇಲರವರೇ ಅವನ ಮನೆಗೆ ಹೋಗಿ ಕೇಳಿಕೊಂಡರೂ ಅವನು ಪಣವನ್ನು ಬಿಡಲಿಲ್ಲ. 2003ರಲ್ಲಿ ಸರ್ಕಾರವು ಎಲ್ಲರಿಗೂ ಚಿಕಿತ್ಸೆಯನ್ನು ಕೊಡಲು ಒಪ್ಪಿಕೊಂಡಿತು. ಆ ವರ್ಷವೇ ಅವನು ಔಷಧವನ್ನು ಸೇವಿಸಲು ತೊಡಗಿದನು. ಇಂದು ಆ ದೇಶದಲ್ಲಿ 50 ಲಕ್ಷಕ್ಕೂ ಮೇಲ್ಪಟ್ಟ ಜನರು ಈ ಚಿಕಿತ್ಸೆಯಿಂದ ಬದುಕಿದ್ದಾರೆ. ಆದರೆ ತಡವಾದುದಕ್ಕೆ ದಂಡವಿಲ್ಲದೆ ಹೋಗಲಿಲ್ಲ. 2000ದಿಂದ 2005ರವರೆಗಿನ ವಿಳಂಬದಲ್ಲಿ 3,30,000ಕ್ಕೂ ಹೆಚ್ಚು ಪ್ರಾಣಗಳು ನಷ್ಟವಾದವೆಂದು ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ವಾಂಸರು 2008ರಲ್ಲಿ ಲೆಕ್ಕಹಾಕಿರುವರು.

ಇನ್ನು ಕ್ಷಯದ ವಿಷಯ. ಈ ರೋಗದಿಂದ ಜಗತ್ತಿನಲ್ಲಿ ಈಗಲೂ ವರ್ಷಕ್ಕೆ 12 ಲಕ್ಷಕ್ಕೂ ಹೆಚ್ಚು ಜನರು ಸಾಯುತ್ತಿದ್ದಾರೆ. ಹೊಸದಾಗಿ ರೋಗಕ್ಕೆ ಈಡಾಗುವವರಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ನಮ್ಮ ದೇಶದವರು. ಸಾಮಾನ್ಯವಾದ ಮಾತ್ರೆಗಳಿಗೆ ಬಗ್ಗದ ಕ್ಷಯವೂ ಒಂದುಂಟು. ಅದಕ್ಕೆ ಬಹುಕಾಲ ಕನಮೈಸಿನ್ ಮೊದಲಾದ ಚುಚ್ಚುಮದ್ದುಗಳನ್ನು ತಿಂಗಳುಗಟ್ಟಲೆ ಕೊಡುತ್ತಿದ್ದರು. ಅವುಗಳಿಂದ ಎಷ್ಟೋ ಜನರಿಗೆ ಕಿವಿ ಕೇಳದೆ ಹೋಗುತ್ತಿದ್ದಿತು. ಜೀವವನ್ನುಳಿಸಿ ಕಿವಿಯನ್ನು ಕಿತ್ತುಕೊಳ್ಳುವ ಮದ್ದು! 2012ನೆಯ ಡಿಸೆಂಬರಿನಲ್ಲಿ ಬೆಡಾಕ್ವಿಲಿನ್ ಎಂಬ ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಕ್ಷಯಕ್ಕೆ ಅಂಥ ಹೊಸ ಜಾತಿಯ ಔಷಧವು ಬಂದು ನಲವತ್ತು ವರ್ಷಗಳೇ ಆಗಿದ್ದವು. ಆದರೆ ನಮ್ಮಲ್ಲಿ 2016ರಲ್ಲಿ ಅದನ್ನು ಕೊಡಲಾರಂಭಿಸಿದಾಗ ಆರು ಆಸ್ಪತ್ರೆಗಳಲ್ಲಿ ಮಾತ್ರವೇ ಅದು ದೊರೆಯುತ್ತಿದ್ದಿತು. ಬಿಹಾರದ ಒಬ್ಬ ತಂದೆಯು ತನ್ನ ಎಳೆಯ ವಯಸ್ಸಿನ ಮಗಳನ್ನು ದೆಹಲಿಗೆ ಕರೆತಂದಾಗ, ಆಕೆಯು ಆ ಊರಿನ ನಿವಾಸಿಯಲ್ಲವೆಂಬ ಕಾರಣದಿಂದ ಔಷಧವು ದೊರೆಯದೆ, ಆತನು ಉಚ್ಚ ನ್ಯಾಯಾಲಯದ ಮೊರೆಹೊಗಬೇಕಾಯಿತು. 2017ನೆಯ ಜನವರಿಯಲ್ಲಿ ಔಷಧವೇನೋ ಕೈಗೆ ಬಂದಿತು. ಆದರೆ ಕಾಲವು ಮಿಂಚಿಹೋಗಿದ್ದಿತು. ಮರುವರ್ಷ ಆ ಹುಡುಗಿಯು ತೀರಿಕೊಂಡಳು.

ಈ ಮಾತ್ರೆಯ ಪೇಟೆಂಟು ಜಾನ್ಸನ್ ಅಂಡ್ ಜಾನ್ಸನ್ ಕಂಪನಿಗೆ ಸೇರಿದ್ದಿತು. 2023ನೆಯ ಜುಲೈಯಲ್ಲಿ ಅದು ಮುಗಿಯತಕ್ಕದ್ದು. ಕಂಪನಿಯು ಅದೇ ಔಷಧದ ಲವಣರೂಪಕ್ಕೆ ಮತ್ತೊಂದು ಪೇಟೆಂಟನ್ನು ಬೇಡಿ ಅರ್ಜಿ ಹಾಕಿತು. ಅದು ದೊರೆತಿದ್ದರೆ ಹಕ್ಕು 2027ರವರೆಗೆ ಬೆಳೆಯುತ್ತಿದ್ದಿತು. ಹಳೆಯ ಬೆಲ್ಲವನ್ನೇ ಕರಗಿಸಿ ಬೇರೊಂದು ಅಚ್ಚಿಗೆ ಹೊಯ್ದು, ಇದು ಹೊಸ ಪದಾರ್ಥವೆನ್ನುವಂಥ ವಾದಗಳಿಗೆ ನಮ್ಮ ದೇಶದ ಕಾನೂನು ಸುಲಭವಾಗಿ ಒಪ್ಪುವುದಿಲ್ಲ. 2005ರಲ್ಲಿ ಔಷಧಗಳಿಗೂ ಪೇಟೆಂಟನ್ನು ಕೊಡುವಂತೆ ಕಾನೂನನ್ನು ತಿದ್ದಿದಾಗ, ತಿಳಿದ ಔಷಧದ ಹೊಸ ರೂಪವು ಹಳೆಯದಕ್ಕಿಂತ ಹೆಚ್ಚು ಗುಣಕಾರಿಯಾಗಿದ್ದ ಹೊರತು ಪೇಟೆಂಟು ಇಲ್ಲವೆಂದು ಅದರ 3(ಡಿ) ಕಲಮಿನಲ್ಲಿ ವಿಧಿಸಲಾಗಿದೆ. ಪೇಟೆಂಟನ್ನು ಕೊಡುವುದಕ್ಕೆ ಮೊದಲೇ ಯಾರು ಬೇಕಾದರೂ ಆಕ್ಷೇಪಣೆಯನ್ನು ಸಲ್ಲಿಸಬಹುದೆಂದೂ ಇದೆ. ‘ಯಾರು ಬೇಕಾದರೂ’ ಎಂದ ಮೇಲೆ ರೋಗಿಯೂ ಸಲ್ಲಿಸಬಹುದಲ್ಲವೇ?

2019ನೆಯ ಫೆಬ್ರವರಿಯಲ್ಲಿ ಇಬ್ಬರು ತರುಣಿಯರು ಹಾಗೆಯೇ ಮಾಡಿದರು. ಒಬ್ಬರು ಮುಂಬಯಿಯ ನಂದಿತಾ ವೆಂಕಟೇಶನ್. ಕ್ಷಯಕ್ಕೆ ಎರಡು ಸಲ ತುತ್ತಾಗಿ, 2013ರಲ್ಲಿ ಚುಚ್ಚುಮದ್ದಿನಿಂದ ಕಿವಿಯನ್ನು ಕಳೆದುಕೊಂಡವರು. ಆ ಮೇಲೆಯೂ ರಂಗವನ್ನೇರಿ ಭರತನಾಟ್ಯವಾಡಿದವರು. ಮತ್ತೊಬ್ಬರು ಕೇಪ್‌ಟೌನಿನ ಖಯೆಲಿತ್ಶಾ ಎಂಬ ಬಡವರ ಬಡಾವಣೆಯ ಫುಮೆಜ಼ಾ ಟಿಸಿಲೆ. ಮಂಡೇಲರವರು ಆ ಅಂಗಿಯನ್ನು ತೊಟ್ಟ ಊರೂ ಅದೇ. ಈಕೆ 2010ರಲ್ಲಿ ರೋಗಕ್ಕೆ ಸಿಕ್ಕಿ, ಮೂರು ವರ್ಷಗಳಿಗೂ ಹೆಚ್ಚು ಕಾಲ 20,000ದಷ್ಟು ಮಾತ್ರೆಗಳನ್ನು ನುಂಗಿ, 2013ರಲ್ಲಿ ಗುಣಹೊಂದಿದರು. ಕಿವಿಯು ಮಾತ್ರ ಹೋಯಿತು. ಮದ್ದಿನಿಂದ ಕಿವಿಯನ್ನು ಕಳೆದುಕೊಂಡಿದ್ದ ಈ ಇಬ್ಬರು ಹೆಣ್ಣುಮಕ್ಕಳು ಗಡಿಗಳಿಲ್ಲದ ವೈದ್ಯರ ಬೆಂಬಲವನ್ನು ಪಡೆದು, ಲೋಕಕ್ಕೆ ಕೇಳಿಸುವಂತೆ ಮುಂಬಯಿಯ ಪೇಟೆಂಟು ಕಚೇರಿಯ ಮುಂದೆ ವಾದಿಸಿದರು. 2023ನೆಯ ಮಾರ್ಚಿ 23ರಂದು ಕಂಪನಿಯ ಅರ್ಜಿಯು ತಿರಸ್ಕೃತವಾಯಿತು. ಮಾರನೆಯ ದಿನ ವಿಶ್ವ ಕ್ಷಯರೋಗ ದಿನ.

ಆ ವರ್ಷವೇ ಭಾರತದ ಕಂಪನಿಗಳು ತಯಾರಿಸಿದ ಮಾತ್ರೆಗೆ ದಾರಿ ತೆರೆಯಿತು. ಬಡ ದೇಶಗಳಿಗಾಗಿ ಕ್ಷಯದ ಔಷಧಗಳನ್ನು ಕೊಳ್ಳುವ ಅಂತರರಾಷ್ಟ್ರೀಯ ಭಂಡಾರದಲ್ಲಿ ಆರು ತಿಂಗಳ ಔಷಧದ ಬೆಲೆಯು ಅರ್ಧಕ್ಕಿಂತ ಕೆಳಗೆ, 130 ಡಾಲರುಗಳಿಗೆ, ಇಳಿಯಿತು. ಸೆಪ್ಟೆಂಬರಿನಲ್ಲಿ ಕಂಪನಿಯು ತಾನಾಗಿಯೇ 134 ದೇಶಗಳಲ್ಲಿ ಆ ಹೆಚ್ಚಿನ ಪೇಟೆಂಟುಗಳನ್ನು ಚಲಾಯಿಸುವುದಿಲ್ಲವೆಂದು ಪ್ರಕಟಿಸಿತು. ಕಿವಿಯನ್ನು ಕೆಡಿಸುತ್ತಿದ್ದ ಕನಮೈಸಿನ್ ಚುಚ್ಚುಮದ್ದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿಯೇ ಹೇಳಿದ್ದಿತು. ಈಗ ಬೆಡಾಕ್ವಿಲಿನ್ ಕೂಡಿದ ಆರು ತಿಂಗಳ ಮಾತ್ರೆಗಳ ಚಿಕಿತ್ಸೆಯನ್ನು ನಮ್ಮ ಸರ್ಕಾರವೂ 2024ರಲ್ಲಿ ಅಂಗೀಕರಿಸಿದೆ.

ಕಂಪನಿಗಳ ಪಕ್ಷದಲ್ಲಿಯೂ ಹೇಳತಕ್ಕ ಮಾತಿಲ್ಲದಿಲ್ಲ. ಹೊಸ ಔಷಧವನ್ನು ಕಂಡುಹಿಡಿಯಲು ಅಪಾರವಾದ ಹಣವೂ ಶ್ರಮವೂ ಬೇಕು. ಲಾಭದ ಆಶೆಯಿಲ್ಲದಿದ್ದರೆ ಯಾರು ಹಣ ತೊಡಗಿಸುವರೆಂದು ಅವರು ಕೇಳುವುದು ನ್ಯಾಯವೇ ಸರಿ. ಆದರೆ ಬೆಡಾಕ್ವಿಲಿನ್ ಮೊದಲಾದ ಔಷಧಗಳ ಪರೀಕ್ಷೆಗೆ ಸಾರ್ವಜನಿಕ ಧನವೂ ಸೇರಿದೆ. ಮೈಯೊಡ್ಡಿ ಪರೀಕ್ಷೆಗೆ ಒಳಗಾದವರೂ ಬಡ ರೋಗಿಗಳೇ. ಇಪ್ಪತ್ತು ವರ್ಷಗಳ ಹಕ್ಕನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಇಪ್ಪತ್ತರ ಮೇಲೆ ಮತ್ತೆ ನಾಲ್ಕು ಬೇಡವೆಂದರು, ಅಷ್ಟೆ. ಅಂಟುಜಾಡ್ಯದಲ್ಲಿ ಬಡವನ ಚಿಕಿತ್ಸೆಯು ಕೇವಲ ದಾನಧರ್ಮವೂ ಅಲ್ಲ. ಅವನ ಮನೆಯ ಗಾಳಿಯೇ ನಮ್ಮ ಮನೆಗೂ ಬೀಸುವುದು.

ಗೃಹಸ್ಥರಾದ ನಾವು ನ್ಯಾಯಾಲಯಕ್ಕೆ ಹೋಗಬೇಕಾಗಿಲ್ಲ. ನಮ್ಮ ಪಾಲಿನ ಕೆಲಸವು ಹೊಸ್ತಿಲೊಳಗೇ ಇದೆ. ಎರಡು ವಾರಗಳಿಗಿಂತ ಹೆಚ್ಚಾಗಿ ಕೆಮ್ಮು ಬಿಡದಿದ್ದರೆ ಕಫವನ್ನು ಪರೀಕ್ಷೆ ಮಾಡಿಸತಕ್ಕದ್ದು. ಸರ್ಕಾರಿ ಆಸ್ಪತ್ರೆಯಲ್ಲಿ ಈ ಪರೀಕ್ಷೆಗೂ ಔಷಧಕ್ಕೂ ಹಣವಿಲ್ಲ. ಹೆಸರು ಬರೆಸಿದ ರೋಗಿಗೆ ಪುಷ್ಟಿಕರವಾದ ಆಹಾರಕ್ಕೆಂದು 2024ನೆಯ ನವೆಂಬರಿನಿಂದ ತಿಂಗಳಿಗೆ 1,000 ರೂಪಾಯಿಗಳನ್ನು ಗೊತ್ತುಮಾಡಿದ್ದಾರೆ. ಕ್ಷಯವು ಹರಡುವುದು ಕೆಮ್ಮಿದವರ ಉಸಿರಿನ ಗಾಳಿಯಿಂದಲೇ ಹೊರತು, ಉಂಡ ತಟ್ಟೆಯಿಂದಲೂ ಉಟ್ಟ ಬಟ್ಟೆಯಿಂದಲೂ ಅಲ್ಲ. ತಕ್ಕ ಔಷಧವು ಹೊಟ್ಟೆಗೆ ಬಿದ್ದ ಮೇಲೆ ಅಂಟಿಸುವ ಶಕ್ತಿಯು ಬೇಗನೆ ಕುಗ್ಗುವುದು. ಎಚ್.ಐ.ವಿ. ಉಳ್ಳವರಿಗಂತೂ ನಮ್ಮಲ್ಲಿ 2004ನೆಯ ಏಪ್ರಿಲ್‌ನಿಂದ ಸರ್ಕಾರದ ಧರ್ಮಾರ್ಥ ಚಿಕಿತ್ಸೆಯಿದೆ. ಅವರನ್ನು ಕೆಲಸದಿಂದಲೋ ಮನೆಯಿಂದಲೋ ಶಾಲೆಯಿಂದಲೋ ಹೊರಗಟ್ಟುವುದು 2017ರ ಕಾನೂನಿನಂತೆ ನಿಷಿದ್ಧ.

ನನ್ನ ಶಿಷ್ಯನಿಗೆ ಮರುದಿನ ಬೆಳಿಗ್ಗೆ ಹೇಳಿಕಳುಹಿಸಿ ಇದಿಷ್ಟನ್ನೂ ಹೇಳಿದೆನು. “ಖಯೆಲಿತ್ಶಾದ ಆ ಹುಡುಗಿ ಯಾರೋ, ನಿನ್ನ ಸೊಸೆ ಯಾರೋ. ಆದರೂ ಅವಳು ಕಿವಿಯನ್ನು ಕಳೆದುಕೊಂಡು ಹೋರಾಡಿದ್ದು ಇಂಥ ಮಕ್ಕಳಿಗಾಗಿಯೇ. ನೀನು ಬಚ್ಚಿಡುವೆಯಾ?” ಎಂದು ಕೇಳಿದೆನು. ಅವನು ಏನೂ ಹೇಳದೆ ಎದ್ದುಹೋದನು. ಆದರೆ ಮಾರನೆಯ ದಿನ ತಾನೇ ಸೊಸೆಯನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿ ಹೆಸರನ್ನು ಬರೆಸಿದನು. ಆಕೆಯು ತವರಿಗೆ ಹೋಗಲಿಲ್ಲ. ಈಗ ನಾಲ್ಕನೆಯ ತಿಂಗಳು ನಡೆಯುತ್ತಿದೆ. ಕೆಮ್ಮು ನಿಂತಿದೆ, ಮೈ ತುಂಬಿಕೊಳ್ಳುತ್ತಿದೆ. ಮಗಳ ಸಂಬಂಧದವರಿಗೂ ಅವನು ನಿಜವನ್ನೇ ತಿಳಿಸಿದನಂತೆ. ಅವರು ಇನ್ನೂ ಉತ್ತರ ಬರೆದಿಲ್ಲ. ಏನೆಂದು ಬರೆಯುವರೋ ನಾನರಿಯೆ.

ಮೊನ್ನೆ ಆ ಸೊಸೆಯು ನಮ್ಮ ಮನೆಗೆ ಬಂದಿದ್ದಳು. ನನ್ನ ಹೆಂಡತಿಯು ಅವಳಿಗೆ ಎಲ್ಲರೊಡನೆಯೂ ಕೂಡಿಸಿ ಎಲೆ ಹಾಕಿದಳು. ಊಟವಾದ ಮೇಲೆ ಆ ಹುಡುಗಿಯು ತನ್ನ ಪಕ್ಕದ ಬೀದಿಯಲ್ಲಿ ಬಹಳ ದಿನಗಳಿಂದ ಕೆಮ್ಮುತ್ತಿರುವ ಹೆಂಗಸೊಬ್ಬಳ ವಿಷಯವನ್ನೆತ್ತಿ, “ನಾನೇ ಆಕೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ, ಮೇಷ್ಟ್ರೇ” ಎಂದಳು. ಚರಕಾಚಾರ್ಯರು ಹೇಳಿದ ನಾಲ್ಕನೆಯ ಪಾದವು ನಮ್ಮ ನಡುಮನೆಯಲ್ಲಿಯೇ ನಿಂತಿರುವುದನ್ನು ಕಂಡು ನನಗೆ ಪರಮ ಸಂತೋಷವಾಯಿತು.